ಚಿಂಚಿಲ್ಲಾ ತಗೋಬಹುದಾ? ಅಂಗಡಿಯವರು ಇವನ್ನೆಲ್ಲ ಮಾರಬಹುದಾ?

ಬಸವನಗುಡಿ_ಅಪ್ಪ

ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ಹೋದ ಭಾನುವಾರ ಮಧ್ಯಾಹ್ನ ಮಗಳನ್ನು ಕರೆದುಕೊಂಡು ಒಂದು ಪೆಟ್ ಅಂಗಡಿಗೆ ಹೋಗಿದ್ದೆ. ಮನೆಯಲ್ಲಿ ನಾಲ್ಕು ಗಪ್ಪಿ ಮೀನು ಇವೆ, ಅವಕ್ಕೆ ತಿನ್ನಲು ಏನಾದರೂ ತರೋಣ ಅಂತ, ಅಷ್ಟೇ. ಕೌಂಟರ್ ಪಕ್ಕದಲ್ಲಿ ಒಂದು ಹಳೇ ಅಕ್ವೇರಿಯಂ ತೊಟ್ಟಿ ಇತ್ತು. ನೀರಿಲ್ಲ, ಮರದ ಹೊಟ್ಟು ಹಾಸಿದ್ದರು. ಅದರೊಳಗೆ ಬೂದು ಬಣ್ಣದ ಒಂದು ಪ್ರಾಣಿ. ಮೈ ಮೊಲದ್ದು, ಬಾಲ ಅಳಿಲಿನದು, ಮೀಸೆ ಇಲಿಯದು. ಚಿಂಚಿಲ್ಲಾ ಅಂತೆ. ಒಂದು ಪಕ್ಕಕ್ಕೆ ಕಾಲು ಚಾಚಿ ನಿದ್ದೆ ಮಾಡುತ್ತಿತ್ತು. ದೊಡ್ಡ ಕಿವಿ ಎರಡೂ ಕೆಂಪಗೆ, ಹಿಂದಿನಿಂದ ಟ್ಯೂಬ್‌ಲೈಟ್ ಬೆಳಕು ಬಿದ್ದು ದಾಸವಾಳದ ಎಸಳಿನ ಹಾಗೆ ಎಷ್ಟು ಮುದ್ದಾಗಿ ಕಾಣುತ್ತಿದ್ದವು ಅಂದರೆ, ನನ್ನ ಮಗಳು ಗಾಜಿಗೆ ಮೂಗು ಒತ್ತಿಕೊಂಡು ನಿಂತವಳು ಅರ್ಧ ಗಂಟೆ ಅಲ್ಲಾಡಲಿಲ್ಲ.

ಅಂಗಡಿ ಹುಡುಗನನ್ನು ಕೇಳಿದೆ. "ಹ್ಯಾಮ್‌ಸ್ಟರ್ ಥರಾನೇ ಸಾರ್. ಕಾಳು ಹಾಕಿ, ನೀರಿಡಿ, ವಾರಕ್ಕೊಂದ್ಸಲ ಸ್ನಾನ ಮಾಡಿಸಿ, ಮುಗೀತು" ಅಂದ. ಎಷ್ಟು ವರ್ಷ ಬದುಕುತ್ತೆ? "ಮೂರ್ನಾಲ್ಕು ವರ್ಷ." ಎಲ್ಲಿಂದ ಬಂತು? "ಇಲ್ಲೇ ಬ್ರೀಡಿಂಗ್ ಸಾರ್, ಲೀಗಲ್ಲು." ಬಿಲ್ ಕೊಡುತ್ತೀರಾ ಅಂದಿದ್ದಕ್ಕೆ, ಕ್ಯಾಶ್ ಆದರೆ ಕಡಿಮೆ ಮಾಡಿಕೊಡುತ್ತೇವೆ ಅಂದ. ಅಲ್ಲಿಗೆ ನನಗೆ ಸ್ವಲ್ಪ ಅನುಮಾನ ಬಂತು, ಯೋಚಿಸಿ ಬರುತ್ತೇನೆ ಅಂತ ಹೇಳಿ ಬಂದೆ. ಮಗಳು ಸಿಗ್ನಲ್‌ವರೆಗೂ ಅಳುತ್ತಲೇ ಬಂದಳು.

ಈಗ ಕೇಳಬೇಕಾಗಿದ್ದು ಇಷ್ಟು. ಬೆಂಗಳೂರಿನಲ್ಲಿ ಇದನ್ನು ಸಾಕಬಹುದಾ? ಇನ್ನೊಂದು, ಮನೆಯಲ್ಲಿ ಜಗಳ ಆಗುತ್ತಿರುವುದು ಇದಕ್ಕೇ. ಹೆಂಡತಿ ಹೇಳುತ್ತಾಳೆ, ಅಂಗಡಿಯಲ್ಲಿ ಪ್ರಾಣಿ ಮಾರುವುದಕ್ಕೇ ಬಿಡಬಾರದು ಅಂತ. ನಾನು, ಹಾಗಾದರೆ ನಿಜವಾಗಿ ಪ್ರೀತಿಯಿಂದ ಸಾಕುವವರು ಎಲ್ಲಿಗೆ ಹೋಗಬೇಕು ಅಂತ. ನಿಮಗೇನನ್ನಿಸುತ್ತೆ?

ದನದ_ಡಾಕ್ಟ್ರು

ನೀವು ಮುದ್ದಾಗಿತ್ತು ಅಂದ ಆ ಕಿವಿಯ ವಿಷಯ ಮೊದಲು. ಅದು ಟ್ಯೂಬ್‌ಲೈಟ್ ಬೆಳಕಲ್ಲ ಸಾರ್. ಚಿಂಚಿಲ್ಲಾಗೆ ನಮ್ಮ ಹಾಗೆ ಬೆವರಿ ಮೈ ತಂಪು ಮಾಡಿಕೊಳ್ಳಲು ಆಗುವುದಿಲ್ಲ. ಮೈ ಬಿಸಿಯಾದಾಗ ರಕ್ತ ಕಿವಿಗೆ ನುಗ್ಗುತ್ತೆ, ಅಲ್ಲಿಂದಲಾದರೂ ಬಿಸಿ ಹೋಗಲಿ ಅಂತ. ಕಿವಿ ಕೆಂಪಾಗಿದೆ, ಪಕ್ಕಕ್ಕೆ ಚಾಚಿ ಬಿದ್ದುಕೊಂಡಿದೆ, ಮಧ್ಯಾಹ್ನದ ಹೊತ್ತು, ಗಾಳಿಯಾಡದ ಗಾಜಿನ ತೊಟ್ಟಿ. ಅದು ನಿದ್ದೆ ಮಾಡುತ್ತಿರಲಿಲ್ಲ, ಬೇಯುತ್ತಿತ್ತು.

ಅದರ ಊರು ಚಿಲಿ ದೇಶದ ಆಂಡಿಸ್ ಬೆಟ್ಟ. ಒಣ ಹವೆ, ರಾತ್ರಿ ಕೊರೆಯುವ ಚಳಿ. ನಮಗೆ ಕೂದಲಿನ ಒಂದು ಬುಡದಿಂದ ಒಂದೋ ಎರಡೋ ಕೂದಲು ಬರುತ್ತೆ. ಅದಕ್ಕೆ ಒಂದೇ ಬುಡದಿಂದ ಐವತ್ತು, ಅರವತ್ತು. ಅಂಥ ಕಂಬಳಿ ಹೊದ್ದು ಹುಟ್ಟಿದ್ದಕ್ಕೆ 25 ಡಿಗ್ರಿ ದಾಟಿದರೇ ಕಷ್ಟ. 2024ರ ಏಪ್ರಿಲ್‌ನಲ್ಲಿ ಬೆಂಗಳೂರು 38 ದಾಟಿತ್ತು, ನೆನಪಿದೆಯಾ? ಮೂರು ತಿಂಗಳು ಹಗಲೂ ರಾತ್ರಿ ಎಸಿ ಹಾಕಿ ಕರೆಂಟ್ ಹೋದರೆ ಏನು ಅಂತಲೂ ಯೋಚಿಸಿ ಇಟ್ಟಿದ್ದರೆ ಮಾತ್ರ ಸಾಕಿ.

ಸ್ನಾನ ಅಂದನಲ್ಲ, ಅದು ನೀರಿನ ಸ್ನಾನ ಅಂತ ನೀವು ತಿಳಿದಿದ್ದರೆ ಮೊದಲ ವಾರವೇ ತೊಂದರೆ. ಅಷ್ಟು ದಟ್ಟ ಕೂದಲು ಒದ್ದೆಯಾದರೆ ಬೇಗ ಒಣಗುವುದಿಲ್ಲ, ಚರ್ಮಕ್ಕೆ ಬೂಷ್ಟು ಹಿಡಿಯುತ್ತೆ. ಅದು ಹೊರಳಾಡುವುದು ಜ್ವಾಲಾಮುಖಿ ಬೂದಿಯಂಥ ನುಣ್ಣನೆ ಪುಡಿಯಲ್ಲಿ. ಊಟಕ್ಕೆ ಮುಖ್ಯವಾಗಿ ಒಣ ಹುಲ್ಲು. ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತೆ, ಹುಲ್ಲು ಜಗಿದು ಜಗಿದು ಸವೆಸಬೇಕು. ಬರೀ ಕಾಳು ಹಾಕಿದರೆ ಹಲ್ಲು ಬೆಳೆದು ಬಾಯಿ ಮುಚ್ಚಲಾಗದೆ ಉಪವಾಸ ಸಾಯುತ್ತೆ. ಮೂರ್ನಾಲ್ಕು ವರ್ಷ ಅಂದನಲ್ವಾ? ಸರಿಯಾಗಿ ನೋಡಿಕೊಂಡರೆ 10ರಿಂದ 15 ವರ್ಷ, ಕೆಲವು 20. ನಿಮ್ಮ ಮಗಳ ಮದುವೆಗೆ ಅದೂ ಇರಬಹುದು.

ನಾನು ಹಳ್ಳಿಯಲ್ಲಿ ದನ, ಕುರಿ ನೋಡುವವನು. ಹೋದ ವರ್ಷ ಒಬ್ಬರು ಗಿನಿ ಪಿಗ್ ತಂದಿದ್ದರು, ಹೊಟ್ಟೆ ಡೋಲಿನ ಹಾಗೆ ಊದಿತ್ತು. ನೆಗಡಿ ಆಗಿತ್ತು ಅಂತ ಮನೆಯಲ್ಲಿ ಮಗುವಿಗೆ ತಂದು ಉಳಿದಿದ್ದ ಅಮಾಕ್ಸಿಸಿಲಿನ್ ಸಿರಪ್ ಕುಡಿಸಿದ್ದರು. ಪಾಪ, ಒಳ್ಳೇದಾಗಲಿ ಅಂತಲೇ ಕೊಟ್ಟಿದ್ದು. ಗಿನಿ ಪಿಗ್, ಚಿಂಚಿಲ್ಲಾ, ಮೊಲ ಇವಕ್ಕೆಲ್ಲ ಆ ಔಷಧಿ ಬಾಯಿಗೆ ಹಾಕಿದರೆ ಕರುಳಿನಲ್ಲಿರುವ ಒಳ್ಳೇ ಬ್ಯಾಕ್ಟೀರಿಯಾ ಸತ್ತು ಪ್ರಾಣಕ್ಕೇ ಬರುತ್ತೆ. ನನ್ನ ಕೈಯಲ್ಲೇ ಹೋಯಿತು ಅದು. ಇಂಥ ಪ್ರಾಣಿಗಳನ್ನು ನೋಡಿ ಅಭ್ಯಾಸ ಇರುವ ವೈದ್ಯರು ಬೆಂಗಳೂರಿನಲ್ಲಾದರೆ ಹುಡುಕಿದರೆ ಸಿಗುತ್ತಾರೆ, ಜಿಲ್ಲೆಗಳಲ್ಲಿ ನಮ್ಮಂಥವರೇ ಗತಿ.

ಮೀನ್_ಮಂಜ

ಡಾಕ್ಟ್ರು ಹೇಳಿದ್ದೆಲ್ಲ ಒಪ್ಪಿದೆ. ಆದರೆ ಇಂಥ ಮಾತು ಬಂದಾಗಲೆಲ್ಲ ಕೊನೆಗೆ "ಅಂಗಡಿಗಳನ್ನೇ ಮುಚ್ಚಿಸಿ" ಅಂತ ಆಗುತ್ತೆ. ಅದಕ್ಕೇ ಮೊದಲೇ ಬಾಯಿ ಹಾಕುತ್ತಿದ್ದೇನೆ.

ನಾನು 18 ವರ್ಷದಿಂದ ಮೀನು ಸಾಕುತ್ತಿದ್ದೇನೆ. ಕಲಿತಿದ್ದು ಪುಸ್ತಕ ಓದಿ ಅಲ್ಲ, ಅಂಗಡಿಯಲ್ಲಿ. ಮೊದಲ ಸಲ ತೊಟ್ಟಿ ತಗೊಂಡ ದಿನವೇ ಮೀನೂ ಕೊಡಿ ಅಂದೆ. ಆ ಅಂಗಡಿಯ ಯಜಮಾನರು ಕೊಡಲಿಲ್ಲ. "ನೀರು ಹಣ್ಣಾಗಲಿ, ಮೂರು ವಾರ ಬಿಟ್ಟು ಬಾ" ಅಂತ ಬೈದು ಕಳಿಸಿದರು. ಹೊಸ ನೀರಿಗೆ ಮೀನು ಬಿಟ್ಟರೆ ಅದರ ಹೊಲಸೇ ಅಮೋನಿಯಾ ಆಗಿ ಅದನ್ನು ಕೊಲ್ಲುತ್ತೆ, ಅದನ್ನು ಕರಗಿಸುವ ಬ್ಯಾಕ್ಟೀರಿಯಾ ಬೆಳೆಯಲು ಟೈಮ್ ಬೇಕು ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಅವತ್ತು ಬರಬೇಕಿದ್ದ ದುಡ್ಡನ್ನು ಬಿಟ್ಟುಕೊಟ್ಟರಲ್ಲ, ಅಂಥವರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಹೇಗೆ?

ಅಂಗಡಿ ಬಂದ್ ಮಾಡಿಸಿದರೆ ವ್ಯಾಪಾರ ನಿಲ್ಲುತ್ತೆ ಅಂದುಕೊಂಡಿದ್ದೀರಾ? ವಾಟ್ಸಾಪ್ ಗ್ರೂಪಿಗೆ ಹೋಗುತ್ತೆ. ಈಗಲೇ ಹೋಗಿದೆ. ದುಡ್ಡು ಕಳಿಸಿ, ರಾತ್ರಿ ಬಸ್ಸಿನ ಲಗೇಜಿನಲ್ಲಿ ತೂತು ಮಾಡಿದ ರಟ್ಟಿನ ಡಬ್ಬ ಬರುತ್ತೆ, ಬೆಳಿಗ್ಗೆ ಐದಕ್ಕೆ ಹೋಗಿ ಇಳಿಸಿಕೊಳ್ಳಿ. ಸತ್ತಿದ್ದರೆ ನಂಬರ್ ಬ್ಲಾಕ್. ಅಂಗಡಿಗಾದರೆ ಬೋರ್ಡಿದೆ, ಷಟರ್ ಇದೆ, ಹೋಗಿ ಜಗಳ ಆಡಬಹುದು.

ಕೌಂಟರ್_ಹಿಂದೆ

ನಾನು ಎರಡು ವರ್ಷ ಇಂಥ ಒಂದು ಅಂಗಡಿಯಲ್ಲಿ ಕೆಲಸ ಮಾಡಿದ್ದೇನೆ, ಯಾವ ಊರು ಅಂತ ಬೇಡ. ಮಂಜ ಅವರೇ, ನಿಮ್ಮ ಯಜಮಾನರು ಪುಣ್ಯಾತ್ಮರು. ನಮ್ಮವರು ಹಾಗಿರಲಿಲ್ಲ.

ಆ ಹುಡುಗನ ಮೇಲೆ ಸಿಟ್ಟಾಗಬೇಡಿ. ಅವನಿಗೆ ಗೊತ್ತಿಲ್ಲ, ಹೇಳಿಕೊಟ್ಟವರೂ ಇಲ್ಲ. ನನಗೆ ಕೆಲಸಕ್ಕೆ ಸೇರಿದ ದಿನ ಹೇಳಿದ್ದು ಎರಡೇ ಮಾತು. ಮಗು ಜೊತೆ ಬಂದವರ ಕೈಗೆ ಮೊದಲು ಪ್ರಾಣಿ ಕೊಡು, ಆಮೇಲೆ ರೇಟು ಹೇಳು. ಇನ್ನೊಂದು, ಸತ್ತಿದ್ದನ್ನು ಬೆಳಿಗ್ಗೆ ಷಟರ್ ಎತ್ತುವ ಮೊದಲೇ ತೆಗೆದುಬಿಡು. ಬೇಸಿಗೆಯಲ್ಲಿ ದಿನಾ ಒಂದಾದರೂ ಇರುತ್ತಿತ್ತು, ಹ್ಯಾಮ್‌ಸ್ಟರ್ರೋ ಲವ್ ಬರ್ಡ್ಸೋ. ರಾತ್ರಿ ಎಂಟೂವರೆಗೆ ಮೇನ್ ಸ್ವಿಚ್ ಆಫ್ ಮಾಡಿ ಹೋಗುವುದು ನಮ್ಮ ಪದ್ಧತಿ. ಫ್ಯಾನೂ ಆಫ್. ಮುಚ್ಚಿದ ಷಟರ್ ಹಿಂದೆ ಆ ಸೆಕೆಯಲ್ಲಿ ಬೆಳಗಿನವರೆಗೆ ಅವು.

ಮೊಲ ಕೇಳಿದರೆ ಜೋಡಿ ಕೊಡುತ್ತಿದ್ದೆವು. "ಎರಡೂ ಹೆಣ್ಣು" ಅಂತ ಧೈರ್ಯವಾಗಿ ಹೇಳುತ್ತಿದ್ದೆ, ನೋಡಲು ನನಗೆ ಬರುತ್ತಲೇ ಇರಲಿಲ್ಲ. ಮೊಲ ಗಬ್ಬವಾದರೆ ತಿಂಗಳಲ್ಲಿ ಮರಿ. ಎರಡು ತಿಂಗಳಾದ ಮೇಲೆ ಬುಟ್ಟಿಯಲ್ಲಿ ಆರು ಮರಿ ಹಾಕಿಕೊಂಡು ವಾಪಸ್ ಬರುತ್ತಿದ್ದರು. ನಾವು ಅವನ್ನು ಪುಕ್ಕಟೆ ಇಟ್ಟುಕೊಂಡು ಮತ್ತೆ ಜೋಡಿ ಮಾಡಿ ಮಾರುತ್ತಿದ್ದೆವು. ಬರೆಯುವಾಗ ನಾಚಿಕೆ ಆಗುತ್ತೆ, ಆಗ ಆಗಿರಲಿಲ್ಲ.

ಕಿವಿ ಹತ್ತಿರ ಬಂದು "ನಕ್ಷತ್ರ ಆಮೆ ಸಿಗುತ್ತಾ?" ಅಂತ ಕೇಳುವವರು ವಾರಕ್ಕೊಬ್ಬರಾದರೂ ಇರುತ್ತಿದ್ದರು. ಮನೆಯಲ್ಲಿಟ್ಟರೆ ಲಕ್ಷ್ಮಿ ಬರುತ್ತಾಳಂತೆ. ಕಾರಿನಲ್ಲಿ ಬಂದವರೇ ಜಾಸ್ತಿ.

ಕೋರ್ಟ್_ಬೀದಿ

ಕಾನೂನು ಏನಿದೆ ಅಂತ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ "ಬಿಡಬೇಕಾ ಬೇಡವಾ" ಅನ್ನುವ ಮೊದಲು ಬಿಟ್ಟಿದ್ದಾರಾ ಅಂತ ನೋಡಬೇಕಲ್ಲ.

2018ರಲ್ಲಿ ಪೆಟ್ ಶಾಪ್ ನಿಯಮ ಅಂತ ಕೇಂದ್ರ ಸರ್ಕಾರ ತಂದಿದೆ. ಅದರ ಪ್ರಕಾರ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಇಲ್ಲದೆ ಯಾರೂ ಸಾಕುಪ್ರಾಣಿ ಮಾರುವಂತಿಲ್ಲ. ಎಲ್ಲಿಂದ ತಂದಿರಿ, ಯಾರಿಗೆ ಮಾರಿದಿರಿ, ಎಷ್ಟು ಸತ್ತವು ಅಂತ ಪುಸ್ತಕದಲ್ಲಿ ಬರೆದಿಡಬೇಕು. ಅಂದರೆ ನಿಮಗೆ ಬಿಲ್ ಬೇಡ ಅಂದವನು ಆ ಪುಸ್ತಕವನ್ನೂ ಬೇಡ ಅಂದ ಹಾಗೆ. ತಮಾಷೆ ನೋಡಿ, ಆ ನಿಯಮದಲ್ಲಿ ನಾಯಿ, ಬೆಕ್ಕು, ಮೊಲ, ಗಿನಿ ಪಿಗ್, ಹ್ಯಾಮ್‌ಸ್ಟರ್, ಇಲಿ ಜಾತಿಯವು, ಪಂಜರದ ಹಕ್ಕಿ ಅಂತ ಹೆಸರು ಹಿಡಿದು ಹೇಳಿದ್ದಾರೆ. ಚಿಂಚಿಲ್ಲಾ ಹೆಸರಿಲ್ಲ. ಒಳ್ಳೇ ವಕೀಲ ಸಿಕ್ಕರೆ ಇದರ ಮೇಲೇ ಎರಡು ವರ್ಷ ಕೇಸು ಎಳೆಯಬಹುದು.

ಇನ್ನು "ಲೀಗಲ್ಲು" ಅಂದಿದ್ದು. ಕಾಡುಪ್ರಾಣಿಗಳನ್ನು ದೇಶದಿಂದ ದೇಶಕ್ಕೆ ಮಾರುವುದರ ಮೇಲೆ ಹಿಡಿತ ಇಡುವ ಸೈಟಿಸ್ ಅಂತ ಒಂದು ಒಪ್ಪಂದ ಇದೆ, ಕಾಡಿನ ಚಿಂಚಿಲ್ಲಾ ಅದರ ಮೊದಲ ಪಟ್ಟಿಯಲ್ಲಿದೆ, ಅದರ ವ್ಯಾಪಾರ ಮಾಡುವಂತಿಲ್ಲ. ಆದರೆ ಸಾಕಿ ಬೆಳೆಸಿದ ತಳಿಯನ್ನು ಅದೇ ಪಟ್ಟಿ ಹೊರಗಿಟ್ಟಿದೆ. ಹಾಗಾಗಿ ಹುಡುಗ ಅಷ್ಟರಮಟ್ಟಿಗೆ ಸುಳ್ಳು ಹೇಳಿಲ್ಲ. ಇಗುವಾನಾ ಹಲ್ಲಿ, ಬಾಲ್ ಪೈಥಾನ್ ಹಾವು, ಮಕಾವ್ ಗಿಳಿ ಥರದವು ಬೇರೆ ಕಥೆ. 2022ರಲ್ಲಿ ವನ್ಯಜೀವಿ ಕಾಯ್ದೆ ತಿದ್ದಿದ ಮೇಲೆ, 2024ರಲ್ಲಿ ನಿಯಮ ಬಂದು, ಅವುಗಳನ್ನು ಇಟ್ಟುಕೊಂಡವರು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿ ಹಾಕಿದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು.

ಕಾಯ್ದೆ ಇದ್ದರೆ ಸಾಕಾ? 2023ರ ಆಗಸ್ಟ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸೂಟ್‌ಕೇಸ್‌ಗಳಲ್ಲಿ 234 ಕಾಡುಪ್ರಾಣಿ ಸಿಕ್ಕಿದ್ದವು. ಹೆಬ್ಬಾವು, ಗೋಸುಂಬೆ, ಆಮೆ, ಮೊಸಳೆ ಮರಿ. ಒಂದು ಕಾಂಗರೂ ಮರಿಯೂ ಇತ್ತು, ಉಸಿರುಗಟ್ಟಿ ಸತ್ತಿತ್ತು. ಯಾರೋ ಇಲ್ಲಿ ಕೊಳ್ಳಲು ಕಾಯುತ್ತಿದ್ದರು ಅಂತಲೇ ಅಲ್ವಾ ತಂದಿದ್ದು?

ಇನ್ನು ಹಿಂಸೆಗೆ ದಂಡ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಮೊದಲ ತಪ್ಪಿಗೆ ಹತ್ತರಿಂದ ಐವತ್ತು ರೂಪಾಯಿ. ಸೊನ್ನೆ ಬಿಟ್ಟುಹೋಗಿಲ್ಲ, ಸರಿಯಾಗಿಯೇ ಟೈಪ್ ಮಾಡಿದ್ದೇನೆ. ಒಂದು ಮಸಾಲೆ ದೋಸೆಗೂ ಸಾಲುವುದಿಲ್ಲ.

ದಾವಣಗೆರೆ_ಬೆಣ್ಣೆ

ಹಾಗಾದ್ರೆ ನಮ್ಮಜ್ಜಿ ಮನೇಲಿ 15 ವರ್ಷ ಇದ್ದ ಗಿಳಿ?

ಕೋರ್ಟ್_ಬೀದಿ

ಅಪರಾಧ. ನಮ್ಮ ಹಸಿರು ಗಿಳಿ ವನ್ಯಜೀವಿ ಕಾಯ್ದೆಯಲ್ಲಿದೆ, ಹಿಡಿಯುವುದೂ ಮಾರುವುದೂ ಪಂಜರದಲ್ಲಿ ಇಡುವುದೂ ತಪ್ಪು. ಲವ್ ಬರ್ಡ್ಸ್ ಅಂತ ಮಾರುವ ಬಜ್ಜಿ ಹಕ್ಕಿ ಸಾಕಬಹುದು, ಅದು ಆಸ್ಟ್ರೇಲಿಯಾದ್ದು. ಆಸ್ಟ್ರೇಲಿಯಾದ ಹಕ್ಕಿಯನ್ನು ಕೂಡಿಹಾಕಬಹುದು, ನಮ್ಮೂರಿನದನ್ನು ಹಾಕಬಾರದು ಅನ್ನುವುದು ಯಾವ ನ್ಯಾಯ ಅಂತ ಬಜ್ಜಿ ಹಕ್ಕಿ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಸನ್ನಿವೇಲ್_ಸೀನ

ಕ್ಯಾಲಿಫೋರ್ನಿಯಾದಿಂದ ಬರೆಯುತ್ತಿದ್ದೇನೆ. ಇಲ್ಲಿ ಈ ಜಗಳ ಒಂದು ಸುತ್ತು ಆಗಿಹೋಗಿದೆ, ಅದಕ್ಕೆ ಹೇಳೋಣ ಅನ್ನಿಸಿತು.

2019ರ ಜನವರಿಯಿಂದ ಇಲ್ಲಿ ಎಬಿ 485 ಅಂತ ಕಾನೂನು ಬಂತು. ಪೆಟ್ ಅಂಗಡಿಗಳು ನಾಯಿ, ಬೆಕ್ಕು, ಮೊಲ ಈ ಮೂರನ್ನು ಬ್ರೀಡರ್‌ಗಳಿಂದ ತಂದು ಮಾರುವಂತಿಲ್ಲ, ಶೆಲ್ಟರ್ ಅಥವಾ ರೆಸ್ಕ್ಯೂ ಸಂಸ್ಥೆಯಿಂದ ಬಂದಿದ್ದರೆ ಮಾತ್ರ ಕೊಡಬಹುದು. ಚೆನ್ನಾಗಿದೆ ಅಲ್ವಾ? ಚಾಲಾಕಿಗಳು ಏನು ಮಾಡಿದರು ಅಂದರೆ, ಬೇರೆ ರಾಜ್ಯದ ನಾಯಿಮರಿ ಫ್ಯಾಕ್ಟರಿಗಳಿಂದ ಮರಿ ತರಿಸಿ, ನಡುವೆ ಒಂದು ಹೆಸರಿಗೆ ಮಾತ್ರ ರೆಸ್ಕ್ಯೂ ಸಂಸ್ಥೆ ಮಾಡಿ, ಅದರ ಕಾಗದ ಅಂಟಿಸಿ ಸಾವಿರಾರು ಡಾಲರ್‌ಗೆ ಮಾರಿದರು. ಕೊನೆಗೆ 2020ರಲ್ಲಿ ಇನ್ನೊಂದು ಕಾನೂನು ಮಾಡಿ ಆ ತೂತು ಮುಚ್ಚಬೇಕಾಯಿತು.

ಚಿಂಚಿಲ್ಲಾ ಆ ಪಟ್ಟಿಯಲ್ಲೇ ಇಲ್ಲ. ಗಿನಿ ಪಿಗ್, ಹ್ಯಾಮ್‌ಸ್ಟರ್ ಕೂಡ ಇಲ್ಲ. ನಾಯಿಗೆ ಅಳುವವರು ಇದ್ದಾರೆ, ಇಲಿ ಜಾತಿಗೆ ಯಾರು ಅಳುತ್ತಾರೆ?

ಅಂದ ಹಾಗೆ, ಇವತ್ತು ಜಗತ್ತಿನಲ್ಲಿ ಮನೆಗಳಲ್ಲಿರುವ ಚಿಂಚಿಲ್ಲಾಗಳಲ್ಲಿ ಹೆಚ್ಚಿನವು ಕ್ಯಾಲಿಫೋರ್ನಿಯಾಕ್ಕೆ ಬಂದ ಹನ್ನೊಂದು ಪ್ರಾಣಿಗಳ ಸಂತತಿ. ಮಥಾಯಸ್ ಚಾಪ್‌ಮನ್ ಅನ್ನುವ ಗಣಿ ಎಂಜಿನಿಯರ್ 1923ರಲ್ಲಿ ಚಿಲಿಯಿಂದ ತಂದ. ಒಂದೇ ಸಲ ಬೆಟ್ಟದಿಂದ ಕೆಳಗೆ ತಂದರೆ ಸಾಯುತ್ತವೆ ಅಂತ ತಿಂಗಳುಗಟ್ಟಲೆ ಹಂತ ಹಂತವಾಗಿ ಇಳಿಸಿ, ಹಡಗಿನಲ್ಲಿ ಐಸ್ ಇಟ್ಟು ತಂಪು ಮಾಡುತ್ತಾ ತಂದನಂತೆ. ಪ್ರೀತಿಯಿಂದ ಅಲ್ಲ, ತುಪ್ಪಳಕ್ಕೆ. ಒಂದು ಕೋಟು ಹೊಲಿಯಲು ನೂರಕ್ಕೂ ಹೆಚ್ಚು ಚರ್ಮ ಬೇಕು. ಕಾಡಿನಲ್ಲಿ ಆಗಲೇ ಬೇಟೆಯಾಡಿ ಮುಗಿಸುತ್ತಾ ಬಂದಿದ್ದರು. ಚರ್ಮ ಸುಲಿಯಲು ತಂದವನು ಐಸ್ ಇಟ್ಟ, ಮುದ್ದು ಮಾಡಲು ಮಾರುವವನು ಒಂದು ಫ್ಯಾನ್ ಇಟ್ಟಿಲ್ಲ.

ಮೀನ್_ಮಂಜ

ಸೀನ ಅವರೇ, ನೀವು ಹೇಳಿದ್ದು ನನ್ನ ಮಾತಿಗೇ ಬಲ ಕೊಡುತ್ತೆ. ನಿಷೇಧ ಮಾಡಿದರೆ ಕಳ್ಳದಾರಿ.

ಕೌಂಟರ್_ಹಿಂದೆ

ಮಂಜ ಅವರೇ, ಕಳ್ಳದಾರಿಯಲ್ಲಿ ಹೋಗುವವನು ಹುಡುಕಿಕೊಂಡು ಹೋಗಿ ತರುತ್ತಾನೆ. ನಮ್ಮ ಅಂಗಡಿಗೆ ಬರುತ್ತಿದ್ದವರಲ್ಲಿ ಮುಕ್ಕಾಲು ಪಾಲು ಜನ ಏನೂ ಹುಡುಕಿಕೊಂಡು ಬಂದವರಲ್ಲ. ನಾಯಿ ಬಿಸ್ಕತ್ತಿಗೆ ಬಂದು ಮೊಲ ತಗೊಂಡು ಹೋದವರು. ಈ ಅಪ್ಪ ಮೀನಿನ ಊಟಕ್ಕೆ ಹೋದ ಹಾಗೆ. ಹತ್ತು ನಿಮಿಷದಲ್ಲಿ ವ್ಯಾಪಾರ ಮುಗಿಯುತ್ತಿತ್ತು. ಮಾರಿದ ನಮಗೆ ಅಲ್ಲಿಗೆ ಮುಗಿಯಿತು. ನಿಮ್ಮ ಯಜಮಾನರ ಮೂರು ವಾರ ಇದೆಯಲ್ಲ, ಅದನ್ನೇ ಕಾನೂನು ಮಾಡಲಿ. ಇವತ್ತು ನೋಡಿ, ಹೆಸರು ಬರೆಸಿ, ಮೂರು ವಾರ ಬಿಟ್ಟು ಬನ್ನಿ. ಅರ್ಧ ಜನವಾದರೂ ವಾಪಸ್ ಬಂದರೆ ನನ್ನ ಹೆಸರು ಬದಲಿಸಿ.

ಮೀನ್_ಮಂಜ

ಇದಕ್ಕೆ ನನ್ನ ತಕರಾರಿಲ್ಲ.

ಕುಡ್ಲದ_ಕುಸುಮ

ನಾನು ಈಗ ಬೆಂಗಳೂರಿನಲ್ಲೇ ಇರುವುದು. ನಮ್ಮ ಮನೆಯಲ್ಲೂ ಹೀಗೇ ಶುರುವಾಗಿದ್ದು. ಮೊದಲು ಎರಡು ರೂಪಾಯಿ ನಾಣ್ಯದಷ್ಟು ದೊಡ್ಡ ಆಮೆಮರಿ, ಕಣ್ಣಿನ ಪಕ್ಕ ಕೆಂಪು ಗೆರೆ ಇರುವಂಥದ್ದು. ಇಷ್ಟೇ ಇರುತ್ತೆ ಅಂತ ಹೇಳಿ ಕೊಟ್ಟಿದ್ದರು. ಆರು ವರ್ಷಕ್ಕೆ ಊಟದ ತಟ್ಟೆಯಷ್ಟಾಯಿತು. ಟಬ್ ಮೂರು ಸಲ ಬದಲಿಸಿದೆವು, ನೀರು ಎರಡು ದಿನಕ್ಕೆ ನಾರುತ್ತಿತ್ತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅದೇ ಥರದ್ದಿದ್ದ ಇನ್ನೊಬ್ಬರು ಒಂದು ದಿನ ಹೋಗಿ ಕೆರೆಗೆ ಬಿಟ್ಟು ಬಂದರು, ಪುಣ್ಯದ ಕೆಲಸ ಮಾಡಿದೆ ಅಂತ ಹೇಳಿಕೊಂಡರು. ಅದು ಅಮೆರಿಕದ ಆಮೆ, ಇಲ್ಲಿಯ ಆಮೆಗಳ ಊಟ, ಬಿಸಿಲು ಕಾಯುವ ಜಾಗ ಎಲ್ಲ ಕಿತ್ತುಕೊಳ್ಳುತ್ತೆ ಅಂತ ನಾನು ಹೇಳಿದರೆ ನನ್ನನ್ನೇ ವಿಚಿತ್ರವಾಗಿ ನೋಡಿದರು. ಇವತ್ತು ಬೆಂಗಳೂರಿನ ಕೆರೆಗಳಲ್ಲಿ ಕಲ್ಲಿನ ಮೇಲೆ ಕುಳಿತು ಬಿಸಿಲು ಕಾಯುವ ಕೆಂಪು ಗೆರೆಯವೆಲ್ಲ ಯಾರದೋ ಮನೆಯ ಟಬ್‌ನಿಂದ ಹೋದವೇ. ನಮ್ಮದು ಇನ್ನೂ ಬಾಲ್ಕನಿಯಲ್ಲೇ ಇದೆ. ಮೂವತ್ತು ವರ್ಷ ಬದುಕುತ್ತಂತೆ, ಉಯಿಲಿನಲ್ಲಿ ಬರೆಯಬೇಕು.

ಆಮೇಲೆ ಗಿನಿ ಪಿಗ್. ಇದನ್ನು ಕೊಂಡಿದ್ದಲ್ಲ, ಊರು ಬಿಟ್ಟು ಹೋಗುವವರು ಕೊಟ್ಟರು. ಒಂಟಿ ಇದ್ದರೆ ಮಂಕಾಗುತ್ತೆ ಅಂತ ಇನ್ನೊಂದು. ಎರಡೂ ಗಂಡು, ಈ ಸಲ ಡಾಕ್ಟರ್ ಹತ್ತಿರ ತೋರಿಸಿ ಖಾತ್ರಿ ಮಾಡಿಕೊಂಡೆ. ಫ್ರಿಜ್ ಬಾಗಿಲು ತೆಗೆದ ಸದ್ದಿಗೇ "ವೀಕ್ ವೀಕ್" ಅಂತ ಕಿರುಚುತ್ತವೆ, ಕೊತ್ತಂಬರಿ ಸೊಪ್ಪು ಅಂದುಕೊಂಡು.

ಬಸವನಗುಡಿ_ಅಪ್ಪ

ಎಲ್ಲರಿಗೂ ಥ್ಯಾಂಕ್ಸ್. ಡಾಕ್ಟ್ರು ಬರೆದಿದ್ದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಅರ್ಧ ಗಂಟೆ ನಿಂತು ನೋಡಿದೆವಲ್ಲ, ನಾನೂ ನನ್ನ ಮಗಳೂ.

ಮರುದಿನ ಆಫೀಸಿನಿಂದ ಬರುವಾಗ ಅಂಗಡಿಗೆ ಹೋದೆ. ತಗೊಳ್ಳಲು ಅಲ್ಲ. ಹೇಗಿದೆ ನೋಡೋಣ, ತೊಟ್ಟಿಯಿಂದ ತೆಗೆದು ಫ್ಯಾನ್ ಹತ್ತಿರ ಇಡಿ ಅಂತಾದರೂ ಹೇಳೋಣ ಅಂತ. ತೊಟ್ಟಿ ಅಲ್ಲೇ ಇತ್ತು, ಹೊಟ್ಟೂ ಅದೇ. ಒಳಗೆ ಏಳೆಂಟು ಹ್ಯಾಮ್‌ಸ್ಟರ್ ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಚಿಂಚಿಲ್ಲಾ ಎಲ್ಲಿ ಅಂದೆ. "ಸೇಲ್ ಆಯ್ತು ಸಾರ್" ಅಂದ. ಯಾರಿಗೆ, ಯಾವಾಗ ಅಂದೆ. "ನಿನ್ನೇನೇ ಸಾರ್" ಅಂದ, ನನ್ನ ಮುಖ ನೋಡದೆ. ಕೋರ್ಟ್ ಬೀದಿಯವರು ಹೇಳಿದ ಪುಸ್ತಕ ಕೇಳಿದೆ. ಒಂದು ಉದ್ದನೆ ನೋಟ್‌ಬುಕ್ ತೆಗೆದ. ಹಾಲಿನ ಲೆಕ್ಕ, ಫೀಡ್ ಮೂಟೆ ಲೆಕ್ಕ, ಯಾರೋ ಸಾಲ ತಗೊಂಡಿದ್ದು. ಪ್ರಾಣಿ ಒಂದೂ ಇರಲಿಲ್ಲ.

ಮಗಳಿಗೆ ಮಾರಾಟ ಆಯಿತಂತೆ ಅಂದೆ. "ಅವರ ಮನೇಲಿ ಎಸಿ ಇದ್ಯಾ?" ಅಂತ ಕೇಳಿದಳು. ಇದೆ ಅಂದುಬಿಟ್ಟೆ. ಹೆಂಡತಿ ಏನೂ ಮಾತಾಡಲಿಲ್ಲ.

ಕುಡ್ಲದ_ಕುಸುಮ

ಮಗಳನ್ನು ಕರೆದುಕೊಂಡು ಭಾನುವಾರ ನಮ್ಮ ಮನೆಗೆ ಬನ್ನಿ, ಜಯನಗರದಲ್ಲೇ. ಮೇ ತಿಂಗಳಿಡೀ ನಾವು ಊರಿಗೆ ಹೋಗುತ್ತೇವೆ, ಗಿನಿ ಪಿಗ್ ನೋಡಿಕೊಳ್ಳಲು ಯಾರಾದರೂ ಬೇಕಿತ್ತು. ಪಂಜರ, ಹುಲ್ಲು ಎಲ್ಲ ಕೊಡುತ್ತೇನೆ. ದಿನಾ ಸ್ವಲ್ಪ ದೊಣ್ಣೆಮೆಣಸಿನಕಾಯಿ ಹಾಕಬೇಕು, ವಿಟಮಿನ್ ಸಿ ಅವಕ್ಕೆ ಮೈಯಲ್ಲಿ ತಯಾರಾಗುವುದಿಲ್ಲ. ದಿನಕ್ಕೆ ಎರಡು ಸಲ ಹಿಕ್ಕೆ ಗುಡಿಸಬೇಕು, ಅದನ್ನು ಮಗಳ ಕೈಯಲ್ಲೇ ಮಾಡಿಸಿ.

ಬಸವನಗುಡಿ_ಅಪ್ಪ

ಬರುತ್ತೇವೆ. ಹಿಕ್ಕೆ ಎಷ್ಟು ಇರುತ್ತೆ ಅಂತ ಕೇಳುತ್ತಿದ್ದಾಳೆ.

ಕುಡ್ಲದ_ಕುಸುಮ

ಎಣಿಸಿ ಮುಗಿಸಿದವರಿಲ್ಲ.